ಊರೀಯನ ಹೇಣ್ತಿ

ಬಾದಾಮಿಯ ಕೆಂಪು ಬಂಡಿ ಯೆರೂಸಲೇಮ್ ಆದ ವರ್ಷ
ನಮ್ಮವರು ಮಗ್ಗದ ಕುಣಿಯಿಂದ ಎದ್ದು ಹೋಗಿ
ಎಂಟು ದಿನ ಸತ್ತು ಬಂದರು.
ದಿನಕ್ಕ ನಾಕನೂರು, ಊಟ ಬ್ಯಾರೆ.

ಟಿವಿ ಸಿನೆಮಾ. ದಾವೀದ ಅರಸನ ಕತಿ.
ಅರಸ ಹುಬ್ಬಳ್ಳಿಯಂವ, ಗಡ್ಡ ಅಂಟಿಸಿದ್ದು.
ನಮ್ಮವರಿಗೆ ಊರೀಯನ ಪಾತ್ರ:
ಮೀಸಿ ಅದಾವು, ಸಾಯಾಕ ಬರತೈತಿ, ಸಾಕು ಅಂದರಂತ.

ಟಿವಿಯಾಗ ಬಂದ ರಾತ್ರಿ ಗುಳೇದಗುಡ್ಡದ ನಮ್ಮ ಓಣಿಯೆಲ್ಲಾ
ನಮ್ಮ ಪಡಸಾಲ್ಯಾಗ.
ಜಮಖಾನಿ ಸಾಲದ್ದಕ್ಕ ನೂಲಿನ ಚೀಲ ಹಾಸಿದ್ವಿ.
ಅರಸ ಮಾಳಿಗಿ ಮ್ಯಾಲೆ ಅಡ್ಡಾಡತಾನ,
ಕೆಳಗ ಒಬ್ಬಾಕಿ ಜಳಕ ಮಾಡತಾಳ;
ಪಾದ್ರಿಗಳಿಗೆ ಕೆಮ್ಮು ಬಂತು, ರಿಮೋಟ್ ಸಿಗಲಿಲ್ಲ.

ಆಮ್ಯಾಗ
'ಬಂದ! ಬಂದ! ಆಶೀರ್ವಾದಪ್ಪ!'
ಯುದ್ಧದಿಂದ ಕರಿಸ್ಯಾರ.
ಮನಿಗೆ ಹೋಗು, ಕಾಲು ತೊಳಕೋ, ಅಂತಾನ ಅರಸ.
ಊರೀಯ ಹೋಗೂದಿಲ್ಲ. ಅರಮನಿ ಬಾಗಲದಾಗ ಮಲಗತಾನ.
'ಇದರಾಗ ನಟನಿ ಏನೈತಿ?' ಅಂದ್ಳು ನಮ್ಮತ್ತಿ,
'ಖಣದ ಆರ್ಡರ್ ಇದ್ದಾಗ ಮಗ್ಗದ ಬಾಜೂಕ ಹಿಂಗಽ ಬೀಳತಾನ.'
ಎಲ್ಲಾರೂ ನಕ್ಕರು. ನಾನೂ ನಕ್ಕೆ.

ಮುಂಜಾನೆ ಅರಸ ಒಂದು ಪತ್ರ ಕೊಡತಾನ.
ಒಳಗ ಏನೈತಿ ಅಂತ ಓಣಿಗೆಲ್ಲಾ ಗೊತ್ತು,
ಸಂಡೆ ಸ್ಕೂಲಿನ ಕೂಸಿಗೂ ಗೊತ್ತು.
ನಮ್ಮವರು ಕಣ್ಣಿಗೆ ಒತ್ತಿಕೊಂಡು
ಎದಿಯಾಗ ಇಟಗೊಂಡು ಹೊಂಟರು,
ಸೇಠನ ಚೀಟಿ ಒಯ್ದಂಗ.

ಗ್ವಾಡಿ ಬುಡಕ ಒಂದು ಬಾಣ.
ಕೈ ಅಷ್ಟ ಕಾಣತು, ಲಾಳಿ ಬಡದು ಕಂದಿದ ಹೆಬ್ಬಟ್ಟು.
ಅಷ್ಟರಾಗ ಸೋಪಿನ ಜಾಹೀರಾತು.

ಆಮ್ಯಾಗ ಅರಸ ಅತ್ತ.
ನೆಲಕ್ಕ ಬಿದ್ದು ಹೊರಳ್ಯಾಡಿ, ಉಪಾಸ ಇದ್ದು, ಇಪ್ಪತ್ತು ಮಿನಿಟ.
ಹೆಣ್ಣಮಕ್ಕಳು ಸೆರಗಲೇ ಕಣ್ಣೊರಸಿಕೊಂಡರು.
ಬಾಜೂಕ ಕುಂತು ನಮ್ಮವರೂ ಮೂಗು ಏರಸತಿದ್ದರು,
ತಮ್ಮನ್ನ ಕೊಲ್ಲಿಸಿದಂವನ ಸಲುವಾಗಿ!

ನಾ ಆಕಿನ್ನ ಹುಡುಕತಿದ್ದೆ.
ಸುದ್ದಿ ಬಂದಾಗ ಬಾಗಲದಾಗ ನಿಂತಿದ್ಲೋ,
ಒಲಿ ಮುಂದ ಇದ್ಲೋ?
ಪಾದ್ರಿಗಳು ಓದೂವಾಗ ಆಕಿ ಅತ್ತದ್ದು ಒಂದ ಸಾಲು.
ಇಲ್ಲಿ ಅದೂ ಇಲ್ಲ.
ಜಳಕ ಮಾಡೂದನ್ನ ಅಷ್ಟೊತ್ತು ನೋಡಿದ ಕ್ಯಾಮೆರಾ
ಅಳೂವಾಗ ಎಲ್ಲಿಗೆ ಹೋಗಿತ್ತೋ.

ಈಗ ನಳದ ಮುಂದ ಕೊಡ ಇಟ್ಟರ
'ಸರೀರಿ, ಊರೀಯನ ಹೇಣ್ತಿ ಬಂದ್ಲು' ಅಂತಾವ ಹುಡುಗೂರು.
ತಿರುಗಿ ನೋಡತೀನಿ.
ರಾತ್ರಿ ಅವರ ಅಂಗಿ ಗೂಟಕ್ಕ ಹಾಕೂ ಮುಂದ
ಕಿಸೆ ತಡವತೀನಿ.
ಚೀಟಿ ಇದ್ದರ
ಮೊದಲ ನಾ ಓದತೀನಿ.