ಕುರಿ ಲಾರಿ ನಿಲ್ಲದ ಊರು

ಮೊದಲು ಕೆಲಸ ಹೋದದ್ದು ಕಡಲಹಕ್ಕಿಗಳದ್ದು.
ಕಾರ್ಖಾನೆಯ ಕೊಳವೆ ನದಿಗೆ ಬೀಳುವಲ್ಲಿ
ಮೂರು ದಿನ ಕಾದವು, ತಮ್ಮತಮ್ಮಲ್ಲೇ ಜಗಳಾಡಿದವು,
ನಾಲ್ಕನೆಯ ದಿನ ಶಾಲೆಯ ಮೈದಾನಕ್ಕಿಳಿದು
ಮಕ್ಕಳ ಕೈಯ ಸ್ಯಾಂಡ್‌ವಿಚ್‌ಗೆ ಎರಗಿದವು.

ನಮಗೆ ತಿಳಿಸಿದ್ದು ಕ್ಯಾಂಟೀನಿನಲ್ಲಿ, ಚಹಾದ ಹೊತ್ತಿಗೆ.
ಆಕ್ಲೆಂಡಿನಿಂದ ಬಂದವನ ಬಿಳಿ ಗಂಬೂಟು ಹೊಸದು,
ನಡೆದರೆ ಕಿರ್ರೆನ್ನುತ್ತಿತ್ತು.
"ಮುಚ್ಚುತ್ತಿಲ್ಲ, ಸ್ಥಳಾಂತರಿಸುತ್ತಿದ್ದೇವೆ" ಅಂದ,
ಮನೆ ಸುಟ್ಟಿಲ್ಲ, ಬೆಳಕಾಗಿದೆ ಎಂಬ ಹಾಗೆ.
ಇನ್ನೂರ ಹತ್ತು ಕಿಲೋಮೀಟರು ಉತ್ತರಕ್ಕೆ.
ಅಲ್ಲಿ ಯಂತ್ರವೇ ಮೂಳೆ ಬಿಡಿಸುತ್ತದಂತೆ,
ಕಣ್ಣೂ ಇದೆಯಂತೆ ಅದಕ್ಕೆ.
ಹಿಂದಿನ ಬೆಂಚಿನಿಂದ ಲೋಸಾ ಕೇಳಿದಳು:
"ಬೆನ್ನು ನೋಯುತ್ತದೆಯೆ?"
ನಾನೂರು ಜನ ನಕ್ಕೆವು.
ಅಷ್ಟೇ ನಮ್ಮ ಮುಷ್ಕರ.

ಕತ್ತಿ ಮಸೆಯುವುದನ್ನು ನನಗೆ ಕಲಿಸಿದವನು ಪಾರಾತೆನೆ.
"ಒತ್ತಬೇಡ, ಉಕ್ಕಿಗೆ ಗುಟ್ಟು ಹೇಳಿದ ಹಾಗೆ" ಅನ್ನುತ್ತಿದ್ದ.
ಹತ್ತೊಂಬತ್ತು ಹಂಗಾಮು ಚೈನಿನಲ್ಲಿ ನನ್ನ ಮುಂದೆ ಅವನು;
ಅವನ ಬೆನ್ನನ್ನು ನೋಡಿದಷ್ಟು
ನನ್ನ ಗಂಡನ ಮುಖವನ್ನೂ ನಾನು ನೋಡಿಲ್ಲ.
ಕೊನೆಯ ದಿನ ಲಾಕರಿನ ಕೀಲಿ ಎಣಿಸಿ ಪಡೆದರು,
ಕತ್ತಿ ನಿಮ್ಮಲ್ಲೇ ಇರಲಿ ಅಂದರು.
ಈಗವನು ಮನೆಮನೆಯ ಕತ್ತರಿ, ತೋಟದ ಕುಡುಗೋಲು,
ಯಾರೂ ಕೇಳದಿದ್ದರೂ ಒಯ್ದು, ಮಸೆದು, ತಂದುಕೊಡುತ್ತಾನೆ.
ಊರಿನಲ್ಲಿ ಮೊಂಡಾದದ್ದು ಏನೂ ಉಳಿದಿಲ್ಲ
ಹಗಲೊಂದನ್ನು ಬಿಟ್ಟರೆ.

ದಿನಕ್ಕೆ ಮೂರು ಸಾವಿರ ಕುರಿ.
ಪಾಪದ ಲೆಕ್ಕ ನನಗೂ ಬರುತ್ತದೆ, ಹೇಳಿಕೊಡಬೇಡಿ.
ಅದರಲ್ಲೇ ಮಗಳ ಹಲ್ಲಿನ ತಂತಿ,
ಅದರಲ್ಲೇ ಅಮ್ಮನ ಶವಪೆಟ್ಟಿಗೆಗೆ ಹಿತ್ತಾಳೆಯ ಹಿಡಿ.
ಸೋಪು ತಿಕ್ಕಿ ತಿಕ್ಕಿ ಹೋಗದಿದ್ದ ಕೊಬ್ಬಿನ ವಾಸನೆ
ಎರಡೇ ವಾರದಲ್ಲಿ ತಾನಾಗಿ ಹೋಯಿತು.
ಬೆಕ್ಕು ನನ್ನ ಕೈ ಮೂಸಿ
ಯಾರೋ ಎಂಬಂತೆ ಎದ್ದು ಹೋಗುತ್ತದೆ.

ರಾತ್ರಿ ಎರಡಕ್ಕೆ ಲಾರಿಗಳು ಹಾಯುತ್ತವೆ,
ಮೂರಂತಸ್ತು ತುಂಬ ಕುರಿ.
ನಮ್ಮ ಗೇಟಿನ ಹತ್ತಿರ ಹಳೆಯ ರೂಢಿಗೆ
ಡ್ರೈವರ್ ಗೇರು ಇಳಿಸುತ್ತಾನೆ,
ನೆನಪಾಗಿ, ಮತ್ತೆ ಏರಿಸುತ್ತಾನೆ.
ಸರಳಿನ ಸಂದಿಯಲ್ಲಿ ಒಂದು ಮೂತಿ,
ಬೀದಿದೀಪದಲ್ಲಿ ಒಂದು ಗಳಿಗೆ, ಮಂಜಿನ ಉಸಿರು.
ಉತ್ತರದ ಹೊಸ ಕಾರ್ಖಾನೆಯಲ್ಲಿ
ಜಾಗ ಗೊತ್ತಾಗಿರುವುದು ಅದಕ್ಕೆ.