ಏಳನೇ ಕುರ್ಚಿಯ ಟೀವಿ

ಮಂಗಳವಾರ, ಗುರುವಾರ, ಶನಿವಾರ
ಬೆಳಗಿನ ಹನ್ನೊಂದಕ್ಕೆ ನಮ್ಮ ಪಾಳಿ.
ಶ್ರೀವ್‌ಪೋರ್ಟಿನಲ್ಲಿ, ಹಳೆ ಟೈರಂಗಡಿಯ ಪಕ್ಕ,
ಡಯಾಲಿಸಿಸ್ ಕೇಂದ್ರ. ಹನ್ನೆರಡು ಕುರ್ಚಿ,
ಕುರ್ಚಿಗೊಂದು ಟೀವಿ, ಕಬ್ಬಿಣದ ತೋಳಿನ ತುದಿಗೆ.

ಇವತ್ತು ಹನ್ನೆರಡರಲ್ಲೂ ಒಂದೇ ಚಿತ್ರ:
ಲಾಸ್ ಏಂಜಲಿಸ್, ಕ್ರೀಡಾಂಗಣ, ಬಿಳಿ ಹೂವಿನ ಗುಡ್ಡ,
ನಡುವೆ ಪೆಟ್ಟಿಗೆ, ಪಿಯಾನೋದ ಹಾಗೆ ಮಿರಮಿರ.
ಕಾರ್ನೆಲ್ ವೇಡ್ ಅದರೊಳಗಿದ್ದಾನಂತೆ.
‘ಇದ್ದಾನೋ ಇಲ್ಲವೋ, ಕಂಡವರು ಯಾರು’ ಅಂದ
ಎರಡನೇ ಕುರ್ಚಿಯ ಥಿಬೊಡೊ,
‘ಹೇಳಿದ ದಿನ ಹೇಳಿದ ಹೊತ್ತಿಗೆ
ಅವನು ಯಾವತ್ತು ಬಂದಿದ್ದ?’

ಅದು ನನಗೂ ಗೊತ್ತು.
ಎಂಬತ್ತಾರರಲ್ಲಿ ಹನ್ನೆರಡೂವರೆ ಡಾಲರು ಕೊಟ್ಟು,
ನೀಲಿ ಸ್ಯಾಟಿನ್ನು ಹೊಲಿಸಿಕೊಂಡು,
ಮೂರು ಗಂಟೆ ಸಾಲಿನಲ್ಲಿ ನಿಂತೆ.
ಗಂಟಲು ಕೆಟ್ಟಿದೆಯೆಂದು ಬೋರ್ಡು ತೂಗಿಸಿದರು.
ದುಡ್ಡು ವಾಪಸು ಕೊಡುತ್ತಿದ್ದರು. ನಾನು
ಟಿಕೀಟು ಬಿಟ್ಟುಕೊಡಲಿಲ್ಲ.
ಪರ್ಸಿನಲ್ಲೇ ಇದೆ, ಮಡಿಕೆಯಲ್ಲಿ ಹರಿದು
ಎರಡಾಗಿದೆ.

ನಾಲ್ಕನೇ ಕುರ್ಚಿಯ ಒಡೆಸ್ಸಾ ಪ್ರೂಯಿಟ್
ಹೂವು ಕಂಡಾಗಿನಿಂದ ಅಳುತ್ತಿದ್ದಾಳೆ.
ಸೂಜಿ ಚುಚ್ಚಿದ ಕೈ ಅಲುಗಿಸುವಂತಿಲ್ಲ,
ಇನ್ನೊಂದರಿಂದ ಎರಡು ಕಣ್ಣನ್ನೂ ಒರೆಸಬೇಕು.
‘ಅಳು, ಒಡೆಸ್ಸಾ, ಅಳು’ ಅಂದ ಥಿಬೊಡೊ,
‘ಮೆಷಿನ್ನಿಗೆ ಅಷ್ಟು ನೀರು ಉಳಿತಾಯ.’
ಅವಳೂ ನಕ್ಕಳು. ದಿನಕ್ಕೆ ನಾಲ್ಕೇ ಲೋಟ ನೀರಿನವರು ನಾವು,
ಇಂಥದಕ್ಕೆ ನಗು ಬರುತ್ತದೆ.

ಹನ್ನೊಂದರ ಮಿಸೆಸ್ ಗಿಡ್ರಿ ನಗಲಿಲ್ಲ.
‘ಆ ಹುಡುಗಿಯ ಕೇಸು ಯಾರಿಗೂ ನೆನಪಿಲ್ಲ, ಅಲ್ಲವೇ?
ಹದಿನಾರು ವರ್ಷ ಅದಕ್ಕೆ.
ಕೋರ್ಟಿನ ಹೊರಗೇ ಬಾಯಿ ಕಟ್ಟಿದರು.’
ಚಾನೆಲ್ ಬದಲಿಸಿಕೊಂಡಳು:
ಕೊಲ್ಲಿಯ ಮೇಲೆ ಬಿಳಿ ಸುಳಿಯೊಂದು ಸುಮ್ಮನೆ ತಿರುಗುತ್ತಿತ್ತು.
ಯಾರೂ ಎದುರು ಮಾತಾಡಲಿಲ್ಲ.
ಒಡೆಸ್ಸಾ ಕರವಸ್ತ್ರವನ್ನು ಚಿಕ್ಕದಾಗಿ, ಇನ್ನೂ ಚಿಕ್ಕದಾಗಿ ಮಡಿಸಿದಳು.

ಒಂಬತ್ತರ ಹುಡುಗ ಟ್ರೆವೆಲ್ ಕಿವಿಯಿಂದ ವೈರು ಕಿತ್ತು ಕೇಳಿದ,
‘ಯಾರಿವನು? ಆ ಸೋಪಿನ ಪುಡಿ ಜಾಹೀರಾತಿನ ಹಾಡಿನವನಾ?’

ಅಲ್ಲಿ ಮಾಜಿ ಹೆಂಡತಿ ಮಾತಾಡಿದಳು, ಪಾದ್ರಿ ಮಾತಾಡಿದ,
ತಂಪುಪಾನೀಯದ ಕಂಪನಿಯವನೂ ಮಾತಾಡಿದ.
ಇಪ್ಪತ್ತು ಸಾವಿರ ಜನ ಎದ್ದು ನಿಂತು ಚಪ್ಪಾಳೆ.
ಒಂದು ಕೈಯಲ್ಲಿ ಚಪ್ಪಾಳೆ ಆಗದು ಅನ್ನುತ್ತಾರೆ;
ನಮಗಿಲ್ಲಿ ಇರುವುದು ಒಂದೊಂದೇ ಕೈ.
ಒಡೆಸ್ಸಾ ತೊಡೆ ತಟ್ಟಿದಳು.

ಇನ್ನು ಏಳನೇ ಕುರ್ಚಿ.
ಆಲ್ಫೋನ್ಸ್ ರಿಡೋ, ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಡ್ರೈವರು.
ರೂಟಿನ ಕೊನೆಯ ಸ್ಟಾಪಿನಲ್ಲಿ, ಬಸ್ಸು ಖಾಲಿಯಾದ ಮೇಲೆ,
ಸೀಟುಗಳ ನಡುವಿನ ಓಣಿಯಲ್ಲಿ ವೇಡ್‌ನ ಆ ಹಿಮ್ಮಡಿ ಜಾರುನಡೆ
ನಡೆಯುತ್ತಿದ್ದನಂತೆ, ಕನ್ನಡಿಯಲ್ಲಿ ನೋಡಿಕೊಳ್ಳುತ್ತ.
ಶನಿವಾರ ಬರಲಿಲ್ಲ.
ಕುರ್ಚಿ ಖಾಲಿಯಾದರೆ ಇಲ್ಲಿ ಯಾರೂ ಕೇಳುವುದಿಲ್ಲ,
ಕೇಳಿದರೂ ಅವರು ಹೇಳುವಂತಿಲ್ಲ, ನಿಯಮ.
ಮಾರಿಸೆಲ್ ಬ್ಲೀಚಿನ ನೀರಿನಲ್ಲಿ ಒರೆಸುತ್ತಾಳೆ,
ವಾರದೊಳಗೆ ಹೊಸಬರು ಕೂರುತ್ತಾರೆ.
ಇವತ್ತು ಎಲ್ಲ ಟೀವಿಯ ಜೊತೆ ಅವನದನ್ನೂ
ಕೈ ಅಭ್ಯಾಸಕ್ಕೆ ಹಚ್ಚಿಬಿಟ್ಟಿದ್ದಾಳೆ.
ಹನ್ನೊಂದು ಜನ, ಹನ್ನೆರಡು ಟೀವಿ.

ಕೊನೆಗೆ ಮಗಳು ಬಂದಳು. ಒಂಬತ್ತೋ ಹತ್ತೋ ವರ್ಷ,
ಮೈಕು ಅವಳ ಎತ್ತರಕ್ಕೆ ಇಳಿಯಲೊಲ್ಲದು.
‘ನಮ್ಮಪ್ಪ’ ಅಂದಳು. ಮುಂದಕ್ಕೆ ಬರಲಿಲ್ಲ.
ಮಿಸೆಸ್ ಗಿಡ್ರಿ ಕೂಡ
ಪಕ್ಕದವನ ಪರದೆಗೆ ಕತ್ತು ಹೊರಳಿಸಿದಳು.

ಆಗಲೇ ನನ್ನ ಬೀಪಿ ಇಳಿದು ಮೆಷಿನ್ನು ಕೂಗಿಕೊಂಡಿತು.
ಮಾರಿಸೆಲ್ ಓಡಿ ಬಂದಳು, ಕುರ್ಚಿ ಹಿಂದಕ್ಕೆ ಬಾಗಿಸಿದಳು,
ಕಾಲು ಮೇಲೆ, ತಲೆ ಕೆಳಗೆ.
‘ಏನಾದರೂ ಬೇಕಾ?’
‘ಏಳರದು ಸೌಂಡು ಸ್ವಲ್ಪ ಜಾಸ್ತಿ ಮಾಡು’ ಅಂದೆ.
ಖಾಲಿ ಕುರ್ಚಿಯನ್ನು ನೋಡಿದಳು, ನನ್ನನ್ನು ನೋಡಿದಳು,
ಹೋಗಿ ಎರಡು ಗೆರೆ ಏರಿಸಿದಳು.

‘ಇನ್ನೂ ಏರಿಸಮ್ಮ’ ಅಂದ ಥಿಬೊಡೊ,
‘ಅವನಿಗೆ ಕಿವಿ ಮಂದ.’