ಎಡವೋ ಬಲವೋ

ನಲವತ್ತರವರೆಗೆ ಏನೂ ಇಲ್ಲ.
ನಲವತ್ತು ದಾಟಿದ್ದೇ ಹಿಂದಿನಿಂದ
ಊದುಗೊಳವೆಗೆ ಯಾರೋ ಬಾಯಿಟ್ಟ ಹಾಗೆ
ಗುಂಯ್.
ಗೇರು ಬದಲಿಸಿದರೂ ಅದೇ, ನ್ಯೂಟ್ರಲ್ಲಿಗೆ ಬಿಟ್ಟರೂ ಅದೇ.
ಗಾಜನೂರಿನ ಆಚೆ, ರಸ್ತೆ ಎಡಕ್ಕೆ ಹೊರಳುವಲ್ಲಿ
ಅರ್ಧ ಸ್ವರ ಏರುತ್ತದೆ.

"ಎಡಗಡೆ ಹಿಂದಿನ ಚಕ್ರ," ಅಂದೆ ದುಮಿಂಗಣ್ಣನಿಗೆ.
ದುರ್ಗಿಗುಡಿಯಲ್ಲಿ ಇಪ್ಪತ್ತಾರು ವರ್ಷ
ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವಳು ನಾನು.
ಹದಿನಾಲ್ಕು ಯಂತ್ರ ಒಟ್ಟಿಗೆ ಬಡಿಯುವಾಗ
ಬೆನ್ನು ತಿರುಗಿಸಿ ನಿಂತೇ ಹೇಳುತ್ತಿದ್ದೆ:
ಮೂರನೇ ಸಾಲು, ಕಿಟಕಿ ಪಕ್ಕ, ಕಿರುಬೆರಳು ಸೋಮಾರಿ.
ಅಂಥ ಕಿವಿ.

ದುಮಿಂಗಣ್ಣನ ಕಿವಿ ಹೋಗಿ ಒಂಬತ್ತು ವರ್ಷ.
ಆಟೋ ಕಾಂಪ್ಲೆಕ್ಸಿನಲ್ಲಿ ಅವನ ಶೆಡ್ಡಿನ ಗೋಡೆಗೆ ಒರಗಿ
ದಿನವಿಡೀ ತಗಡು ಬಡಿಯುವವರಿದ್ದಾರೆ.
ಅವನು ಕೇಳುವುದು ಹಲ್ಲಿನಿಂದ.
ಪದ್ಮಿನಿಯ ಹಿಂಬದಿ ಜಾಕಿಯ ಮೇಲೆ ಎತ್ತಿಸಿ,
ತಿಪ್ಪೇಶ ಕೈಯಲ್ಲಿ ಚಕ್ರ ತಿರುಗಿಸುತ್ತಿದ್ದರೆ
ಸ್ಕ್ರೂಡ್ರೈವರಿನ ತುದಿ ಆಕ್ಸಲ್ಲಿಗೆ, ಮರದ ಹಿಡಿ ದವಡೆಗೆ.
ಕಣ್ಣು ಮುಚ್ಚಿದ. ಆಮೇಲೆ ಇನ್ನೊಂದು ಕಡೆ.
ಉಗುಳಿ ಬಂದು ಬಲಗಡೆಗೆ ಕೈ ತೋರಿಸಿದ.

ಎಡ ಅಂದೆ. ಜೋರಾಗಿ ಅಂದೆ.
ತುಟಿ ಓದಿದ. "ಆಯ್ತು ಟೈಪಕ್ಕ, ಕಾರು ನಿಮ್ದು."

ಎಡದ ಡ್ರಮ್ಮು ಕಳಚಿ, ನಾಲ್ಕು ಬೋಲ್ಟು ಬಿಚ್ಚಿ,
ಸ್ಲೈಡ್ ಹ್ಯಾಮರಿನ ಮೂರು ಏಟಿಗೆ
ಎಣ್ಣೆ ತೊಟ್ಟಿಕ್ಕುತ್ತ ಶಾಫ್ಟು ಈಚೆ ಬಂತು.
ಬೇರಿಂಗು ತಿರುಗಿಸಿದ. ಬೆಣ್ಣೆ.
ಏನೂ ಅನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.
ಹೊಸ ಸೀಲು ಕೂರಿಸಿ, ಹಾಗೇ ಮುಚ್ಚಿ,
ಕೈ ಒರೆಸಿಕೊಂಡು ಆಚೆ ಬದಿಗೆ ಹೋದ.
ನಾನು ಚಹಾ ಹೇಳಿದೆ, ನಾಲ್ಕು.
ಇದ್ದದ್ದು ಮೂರೇ ಜನ.

ಬಲದ್ದು ಬಿಚ್ಚುವಾಗಲೇ ಗೊತ್ತಾಯಿತು.
ಒಣಗಿ ಕಾಡಿಗೆಯಾದ ಗ್ರೀಸು, ಅದರೊಳಗೆ ಮಿನುಗುವ ಉಕ್ಕಿನ ಹುಡಿ,
ಗುಂಡುಗಳ ಮೈಮೇಲೆ ಸಿಡುಬಿನ ಕಲೆ.
ನನ್ನ ಕೈಗೇ ಕೊಟ್ಟ. ತಿರುಗಿಸಿದೆ:
ಬೀಸುವ ಕಲ್ಲಿಗೆ ಮರಳು ಬಿದ್ದ ಹಾಗೆ ಕರಕರ.
"ಕಾರು ಎಡಕ್ಕೆ ಹೊರಳಿದ್ರೆ ಭಾರ ಬಲಕ್ಕೆ.
ಕೂಗೋದು ಇಲ್ಲಿ, ಕೊಳವೆಯಲ್ಲಿ ಹರಿದು ಕೇಳೋದು ಅಲ್ಲಿ.
ನನಗೂ ಕಿವಿ ಇದ್ದಾಗ ಎಷ್ಟು ಸಲ ತಪ್ಪಿದೀನಿ."

ಹಳೆಯ ಕಾಲರನ್ನು ಉಳಿಯಿಂದ ಸೀಳಿ ತೆಗೆದ.
ಹೊಸ ಬೇರಿಂಗನ್ನು ಪ್ರೆಸ್ಸಿಗೆ ಕೊಟ್ಟ, ಒಳಗಿನ ರಿಂಗಿನ ಮೇಲಷ್ಟೇ ಒತ್ತಿ;
ಹೊರಗಿನದಕ್ಕೆ ಏಟು ಬಿದ್ದರೆ ಓಡುವ ಮೊದಲೇ ಅದು ಕೆಟ್ಟಿತು.
ಆಮೇಲೆ ಹೊಸ ಕಾಲರು, ತಂತಿಗೆ ನೇತುಬಿಟ್ಟು, ಬೆಂಕಿಯಲ್ಲಿ.
ಮೊದಲು ಒಣಹುಲ್ಲಿನ ಬಣ್ಣ. ಆಮೇಲೆ ನೇರಳೆ.
ನವಿಲಿನ ಕುತ್ತಿಗೆ ಬಂದ ಕೂಡಲೇ "ಹ್ಞಾ!"
ಇಕ್ಕಳದಲ್ಲಿ ಹಿಡಿದು ಶಾಫ್ಟಿಗೆ ಬಿಟ್ಟ,
ಬಡಕಲು ಕೈಗೆ ದೊಗಲೆ ಬಳೆಯಂತೆ ಜಾರಿ ಕೂತಿತು.
ಯಾರೂ ಮಾತಾಡಲಿಲ್ಲ.
ತಣಿಯುತ್ತ ತಣಿಯುತ್ತ ಅದು ಹಿಡಿದುಕೊಂಡಿತು.
ಇನ್ನು ತೆಗೆಯಬೇಕೆಂದರೆ ಸೀಳಲೇ ಬೇಕು.

ಬಿಲ್ಲಿನಲ್ಲಿ ಎಡದ ಕೂಲಿ ಇರಲಿಲ್ಲ.
ನಾನೇ ಬರೆದು ಸೇರಿಸಿದೆ. ಅವನು ಹೊಡೆದು ಹಾಕಿದ.
ಮತ್ತೆ ಬರೆದೆ.

ಸಂಜೆ ತೀರ್ಥಹಳ್ಳಿ ರಸ್ತೆ, ಪರೀಕ್ಷೆಗೆ.
ನಲವತ್ತು. ಐವತ್ತು. ಐವತ್ತೈದು.
ಗುಂಯ್ ಇಲ್ಲ.
ಅದರಡಿ ಎಷ್ಟು ತಿಂಗಳಿಂದ ಅಡಗಿದ್ದವೋ
ಒಂದೊಂದೇ ಎದ್ದು ಬಂದವು:
ಡಿಕ್ಕಿಯಲ್ಲಿ ಹೊರಳುವ ಜಾಕಿಯ ಹಿಡಿ,
ಹಿಂಬದಿ ಗಾಜಿನ ಸಡಿಲು ರಬ್ಬರು,
ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಖಾಲಿ ರಿಬ್ಬನ್ ಡಬ್ಬಿ,
ಇನ್‌ಸ್ಟಿಟ್ಯೂಟ್ ಮುಚ್ಚಿದ ದಿನ ನಾನೇ ಎಸೆದದ್ದು.
ಸಕ್ರೆಬೈಲಿನ ತಿರುವಿನಲ್ಲಿ ಮತ್ತೂ ಒಂದು,
ಸಣ್ಣದು. ಟಿಕ್.

"ಎಲ್ಲಿಂದಕ್ಕಾ ಅದು?" ಅಂದ ತಿಪ್ಪೇಶ.
ಬಾಯಿ ತೆರೆದೆ.
ಕಾರು ಬದಿಗೆ ಹಾಕಿದೆ.
"ಸ್ಕ್ರೂಡ್ರೈವರ್ ತಂದಿದೀಯೇನೋ?"